ನಿಮಗೇನ್ರೀ, ಚಿಕ್ಕಮಗಳೂರಿನಲ್ಲಿದ್ದೀರಿ

"ಚಿಕ್ಕಮಗಳೂರಿನಲ್ಲಿ ಇರುವುದು ಹೇಗನ್ನಿಸುತ್ತದೆ?" ಎಂಬ ಪ್ರಶ್ನೆಗೆ ಹದಿನೆಂಟು ವರ್ಷಗಳಿಂದ ಬಾಯಲ್ಲೇ ಉತ್ತರ ಹೇಳುತ್ತ ಬಂದಿದ್ದೇನೆ. ಮೊದಲ ಕೆಲವು ವರ್ಷ ನಗುತ್ತ ಹೇಳಿದೆ, ಆಮೇಲೆ ಚುಟುಕಾಗಿ ಹೇಳಿದೆ, ಈಚೆಗೆ ಪ್ರಶ್ನೆ ಮುಗಿಯುವ ಮುಂಚೆಯೇ ಹ್ಞೂಂ ಎನ್ನುತ್ತಿದ್ದೇನೆ. ಇನ್ನು ಮುಂದೆ ಯಾರಾದರೂ ಕೇಳಿದರೆ ಇದನ್ನು ಓದಿಕೊಳ್ಳಿ ಎಂದು ಹೇಳಿ ನನ್ನ ಊಟವನ್ನು ನಾನು ಮುಂದುವರಿಸುವವನಿದ್ದೇನೆ. ಊಟ ಎಂದು ಹೇಳಲು ಕಾರಣವಿದೆ: ಈ ಪ್ರಶ್ನೆ ಬಹಳ ಸಲ ಎದುರಾಗುವುದು ಬೆಂಗಳೂರಿನ ಮದುವೆಮನೆಯ ಪಂಕ್ತಿಯಲ್ಲಿ. ಪಕ್ಕದ ಎಲೆಯವರು ಕೋಸಂಬರಿ ಬರುವ ಮುಂಚೆ ಊರು ಯಾವುದೆಂದು ವಿಚಾರಿಸುತ್ತಾರೆ, ಪಲ್ಯ ಬೀಳುವ ಹೊತ್ತಿಗೆ ಮೇಲಿನ ಪ್ರಶ್ನೆ ಕೇಳುತ್ತಾರೆ, ನಾನು ಬಾಯಿ ತೆರೆಯುವಷ್ಟರಲ್ಲಿ "ನಿಮಗೇನ್ರೀ!" ಎಂದು ತೀರ್ಪನ್ನೂ ಕೊಟ್ಟುಬಿಡುತ್ತಾರೆ.

ಈ "ನಿಮಗೇನ್ರೀ" ಎಂಬ ಮಾತಿನ ಮೇಲೆ ನನಗೆ ಹಳೆಯ ಸಿಟ್ಟಿದೆ. ರೂಪದಲ್ಲಿ ಅದು ಪ್ರಶ್ನೆ, ಆದರೆ ಅದಕ್ಕೆ ಉತ್ತರ ಕೊಡಲು ಹೋದವನು ಮೂರ್ಖನಾಗುತ್ತಾನೆ. ಸರ್ಕಾರಿ ನೌಕರಿಯವರಿಗೆ, ಮಕ್ಕಳು ಅಮೆರಿಕದಲ್ಲಿರುವವರಿಗೆ, ಮಕ್ಕಳೇ ಇಲ್ಲದವರಿಗೆ, ಮತ್ತು ಚಿಕ್ಕಮಗಳೂರಿನವರಿಗೆ ಈ ಮಾತನ್ನು ಯಾರು ಬೇಕಾದರೂ ಅನ್ನಬಹುದೆಂಬ ಅಲಿಖಿತ ಪರವಾನಗಿ ಈ ನಾಡಿನಲ್ಲಿದೆ. ಒಮ್ಮೆ ಅದನ್ನು ಅನ್ನಿಸಿಕೊಂಡ ಮೇಲೆ ನಿಮ್ಮ ಮಂಡಿನೋವು, ಮನೆ ಸಾಲ, ಮುರಿದ ಸ್ಕೂಟರು ಎಲ್ಲವೂ ಲೆಕ್ಕಕ್ಕಿಲ್ಲದಂತಾಗುತ್ತವೆ.

ಎರಡನೆಯ ಪ್ರಶ್ನೆ "ತೋಟ ಎಷ್ಟು ಎಕರೆ?" ಎಂಬುದು. 2011ರ ಜನಗಣತಿಯಲ್ಲಿ ನಮ್ಮ ನಗರದ ಜನಸಂಖ್ಯೆ ಸುಮಾರು 1.18 ಲಕ್ಷ, ಅಷ್ಟೂ ಜನರು ಪ್ಲಾಂಟರುಗಳು ಎಂಬ ನಂಬಿಕೆ ಹೊರಗಿನವರಲ್ಲಿ ಗಟ್ಟಿಯಾಗಿದೆ. ನಾನು ಲೆಕ್ಕಪತ್ರ ಬರೆಯುವವನು. ಇತರರ ತೋಟಗಳನ್ನು ಗುಂಟೆಯ ಲೆಕ್ಕದಲ್ಲಿ ಬಲ್ಲೆ, ಯಾವ ತೋಟದ ಮೇಲೆ ಯಾವ ಬ್ಯಾಂಕಿನ ಸಾಲವಿದೆಯೆಂಬುದನ್ನೂ ಬಲ್ಲೆ. ನನ್ನ ಸ್ವಂತ ಭೂಮಿ ಎಂದರೆ ಮನೆಯ ಮುಂದಿನ ಮೂರು ಕುಂಡಗಳು. ಒಂದರಲ್ಲಿ ಕರಿಬೇವು, ಒಂದರಲ್ಲಿ ದಾಸವಾಳ, ಮತ್ತೊಂದರಲ್ಲಿ ಕಕ್ಷಿದಾರರೊಬ್ಬರು ಫೀಸಿನ ಜೊತೆಗೆ ಕೊಟ್ಟ ಅರೇಬಿಕಾ ಕಾಫಿ ಗಿಡ. ಕಳೆದ ವರ್ಷ ಅದು ಹನ್ನೊಂದು ಹಣ್ಣು ಬಿಟ್ಟಿತು, ಒಂಬತ್ತನ್ನು ಹಕ್ಕಿ ತಿಂದಿತು.

ಕೇಳುವವರು ತುಸು ವಯಸ್ಸಾದವರಾಗಿದ್ದು ಉತ್ತರ ಭಾರತದವರಾಗಿದ್ದರೆ ವಿಷಯ 1978ರ ಉಪಚುನಾವಣೆಗೆ, ಇಂದಿರಾ ಗಾಂಧಿಯವರು ನಮ್ಮ ಚಿಕ್ಕಮಗಳೂರು ಕ್ಷೇತ್ರದಲ್ಲಿ ವೀರೇಂದ್ರ ಪಾಟೀಲರ ಎದುರು ಗೆದ್ದು ಲೋಕಸಭೆಗೆ ಮರಳಿದ ಸಂಗತಿಗೆ ಹೋಗುತ್ತದೆ. ಅಂಥವರೊಡನೆ ಮಾತಾಡುವುದು ಎಷ್ಟೋ ವಾಸಿ, ಏಕೆಂದರೆ ಅವರು ನನ್ನಿಂದ ಏನನ್ನೂ ನಿರೀಕ್ಷಿಸುವುದಿಲ್ಲ. ತಮಗೆ ಗೊತ್ತಿರುವುದನ್ನು ಹೇಳಿ ಮುಗಿಸುತ್ತಾರೆ.

ನಾನು ಹುಟ್ಟಿದ್ದು ಇದೇ ಜಿಲ್ಲೆಯ ಕಡೂರು ಸೀಮೆಯಲ್ಲಿ. ಅಲ್ಲಿ ಮಲೆನಾಡಿನ ಸುಳಿವೇ ಇಲ್ಲ. ತೆಂಗಿನ ತೋಟಗಳು ಬೇಸಿಗೆಯಲ್ಲಿ ಸುಳಿ ಬಾಗಿಸಿ ನಿಲ್ಲುತ್ತವೆ, ಬೋರ್‌ವೆಲ್ಲಿನ ಆಳವನ್ನು ಜನರು ಮಕ್ಕಳ ಅಂಕಗಳಂತೆ ಪರಸ್ಪರ ವಿಚಾರಿಸಿಕೊಳ್ಳುತ್ತಾರೆ. ಅಲ್ಲಿಂದ ನಲವತ್ತು ಕಿಲೋಮೀಟರ್ ಬಂದರೆ ಚಿಕ್ಕಮಗಳೂರು. ಹೊರಗಿನವರ ಕಲ್ಪನೆಯಲ್ಲಿ ಈ ಊರು ಬೆಟ್ಟದ ನೆತ್ತಿಯ ಮೇಲೆ ಮಂಜು ಹೊದ್ದು ಮಲಗಿದೆ. ವಾಸ್ತವದಲ್ಲಿ ಅದು ಬಾಬಾಬುಡನ್‌ಗಿರಿ ಸಾಲಿನ ಬುಡದಲ್ಲಿ, ಬೆಟ್ಟದ ಬೆನ್ನ ಹಿಂದೆ ಕುಳಿತಿದೆ. ಬೆಂಗಳೂರು 900 ಮೀಟರಿನ ಆಸುಪಾಸಿನ ಎತ್ತರದಲ್ಲಿದ್ದರೆ ನಾವು 1,000 ಮೀಟರಿಗೆ ತುಸು ಮೇಲೆ, ಅಷ್ಟೇ. ಪಡುವಣ ಗಾಳಿ ಹೊತ್ತು ತರುವ ಮುಂಗಾರು ಮೋಡಗಳು ಘಟ್ಟದ ಅಂಚಿನಲ್ಲೂ ಗಿರಿಯ ಆಚೆ ಮಗ್ಗುಲಲ್ಲೂ ಹೊರೆಯಿಳಿಸಿ, ಅಳಿದುಳಿದದ್ದನ್ನು ನಮ್ಮ ಕಡೆಗೆ ದಾಟಿಸುತ್ತವೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಸುರಿಯುವ ಮಳೆ ನಮ್ಮ ಬೀದಿಗೆ ಬರುವಾಗ ಬೆಂಗಳೂರಿನ ಮಳೆಗಿಂತ ಹೆಚ್ಚೇನೂ ಉಳಿದಿರುವುದಿಲ್ಲ. ಜುಲೈ ತಿಂಗಳಿಡೀ ಬಟ್ಟೆ ಒಣಗದಂತೆ, ಆದರೆ ಕೆರೆಯೂ ತುಂಬದಂತೆ ಜಿನುಗುವ ಒಂದು ಮಳೆ ಇದೆಯಲ್ಲ, ಅದು ನಮ್ಮ ಪಾಲು. ಪೂರ್ವಕ್ಕೆ ಲಕ್ಯಾ ಹೋಬಳಿಯ ಕಡೆ ಹೊರಟರೆ ಅದೂ ಇಲ್ಲ, ಮತ್ತೆ ನನ್ನ ಕಡೂರಿನ ಬಿಸಿಲೇ.

ಈ ಪ್ರಶ್ನೆಯ ವಿಷಯದಲ್ಲಿ ನನ್ನ ಸಹನೆ ಕೊನೆಗೊಂಡ ದಿನವನ್ನು ಹೇಳಿಬಿಡುತ್ತೇನೆ. ಅದು 2019ರ ಆಗಸ್ಟ್ ಮೊದಲ ವಾರ. ಅಪ್ಪನ ಹೃದಯದ ಪರೀಕ್ಷೆಗೆ ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ದಿನ ಗೊತ್ತಾಗಿತ್ತು. ನಮ್ಮ ಊರಿನಲ್ಲಿ ದೊಡ್ಡ ಕಾಯಿಲೆ ಬಂದವರು ಹಾಸನಕ್ಕೋ ಶಿವಮೊಗ್ಗಕ್ಕೋ, ಘಟ್ಟ ಇಳಿದು ಮಂಗಳೂರಿಗೋ ಮಣಿಪಾಲಕ್ಕೋ ಹೋಗುವುದು ವಾಡಿಕೆ. ಯಾವ ಕಾಯಿಲೆಗೆ ಯಾವ ದಿಕ್ಕು ಎಂಬುದು ಇಲ್ಲಿನ ಪ್ರತಿ ಮನೆಗೂ ಬಾಯಿಪಾಠ. ಬೆಳಗ್ಗೆ ಐದಕ್ಕೆ ಹೊರಟು, ಮೂಡಿಗೆರೆ ದಾಟಿ, ಕೊಟ್ಟಿಗೆಹಾರ ತಲುಪುವಷ್ಟರಲ್ಲಿ ವೈಪರಿನ ಕೈ ಸೋತಿತ್ತು. ಅಲ್ಲಿ ಪೊಲೀಸರು ಬ್ಯಾರಿಕೇಡ್ ಎಳೆದು ನಿಂತಿದ್ದರು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದಿದೆ, ರಸ್ತೆಯೇ ಇಲ್ಲ, ವಾಪಸ್ ಹೋಗಿ ಎಂದರು. ಮೂಡಿಗೆರೆ ತಾಲ್ಲೂಕಿನ ಎಷ್ಟೋ ತೋಟಗಳು ಗಿಡಮರಗಳ ಸಮೇತ ಜಾರಿ ಹೋದ ಮಳೆ ಅದು, ಆದರೆ ಅಷ್ಟು ಹೊತ್ತಿಗೆ ನಮಗೆ ಅದರ ಸ್ವರೂಪ ತಿಳಿದಿರಲಿಲ್ಲ. ಹಿಂದೆ ಮುಂದೆ ಲಾರಿಗಳು ನಿಂತಿದ್ದವು. ಅಪ್ಪ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಆಸ್ಪತ್ರೆಯವರು ಹೇಳಿದ್ದರಿಂದ ಕಾಫಿಯನ್ನೂ ಕುಡಿಯದೆ, ಫೈಲನ್ನು ಮಳೆಗೆ ನೆನೆಯದಂತೆ ಎದೆಗೆ ಒತ್ತಿಕೊಂಡು ಕುಳಿತಿದ್ದರು.

ಆಗ ಫೋನು ಟಿಂಗೆಂದಿತು. ಬೆಂಗಳೂರಿನ ದೊಡ್ಡಪ್ಪನ ಮಗನ ಸಂದೇಶ: "ಟಿವಿಯಲ್ಲಿ ನಿಮ್ಮ ಕಡೆ ಭಾರಿ ಮಳೆ ಅಂತ ತೋರಿಸ್ತಿದ್ದಾರೆ. ನಿಮಗೇನ್ರೀ, ಬಿಸಿ ಬಿಸಿ ಕಾಫಿ ಹಿಡ್ಕೊಂಡು ಕಿಟಕಿ ಹತ್ರ ಕೂತಿರ್ತೀರಿ. ಒಂದು ವಿಡಿಯೋ ಕಳಿಸಿ."

ನಾನು ವಿಡಿಯೋ ಕಳಿಸಿದೆ. ಬ್ಯಾರಿಕೇಡ್, ರೇನ್‌ಕೋಟಿನ ಪೇದೆ, ರಸ್ತೆಯ ಮೇಲೆ ಹರಿಯುತ್ತಿದ್ದ ಕೆಂಪು ನೀರು, ಕೊನೆಯಲ್ಲಿ ಎರಡು ಕ್ಷಣ ಅಪ್ಪನ ಮುಖ. ಅದಕ್ಕೆ ಒಂದು ಹೃದಯದ ಚಿಹ್ನೆ ಬಂತು, ಜೊತೆಗೆ "ಸೂಪರ್". ಪರೀಕ್ಷೆ ಎರಡು ವಾರ ತಡವಾಗಿ ಹಾಸನದಲ್ಲಾಯಿತು, ಅಪ್ಪ ಚೆನ್ನಾಗಿದ್ದಾರೆ. ದೊಡ್ಡಪ್ಪನ ಮಗನೊಡನೆ ಮಾತ್ರ ಆ ಬೆಳಗಿನ ವಿಷಯವನ್ನು ಇವತ್ತಿಗೂ ನಾನು ಎತ್ತಿಲ್ಲ. ಅವನು ಇದನ್ನು ಓದಿದರೆ ಓದಲಿ.

"ಹಾಗಾದರೆ ಗಿರಿಗೆ ಎಷ್ಟು ಸಲ ಹೋಗುತ್ತೀರಿ?" ಎಂದು ಕೇಳುವವರಿದ್ದಾರೆ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಗೆ, ಕರ್ನಾಟಕದ ಅತಿ ಎತ್ತರದ ಶಿಖರಕ್ಕೆ, ಈ ಹದಿನೆಂಟು ವರ್ಷಗಳಲ್ಲಿ ನಾಲ್ಕು ಸಲ ಹೋಗಿದ್ದೇನೆ, ನಾಲ್ಕೂ ಸಲ ನೆಂಟರನ್ನು ಕರೆದುಕೊಂಡು. ವಾರಾಂತ್ಯದಲ್ಲಿ ಕೈಮರದ ಚೆಕ್‌ಪೋಸ್ಟಿನಿಂದ ಹಿಂದಕ್ಕೆ ಬೆಳೆಯುವ ಕಾರುಗಳ ಸಾಲನ್ನು ನೋಡಿದವರು ತಾವಾಗಿ ಅಲ್ಲಿಗೆ ಹೋಗುವುದಿಲ್ಲ. ಈಚೆಗೆ ವಾಹನಗಳು ಮುಂಗಡವಾಗಿ ಆನ್‌ಲೈನಿನಲ್ಲಿ ನೋಂದಾಯಿಸಿಕೊಂಡೇ ಬರಬೇಕೆಂಬ ನಿಯಮವೂ ಬಂದಿದೆ. ಉಳಿದ ದಿನಗಳಲ್ಲಿ ಗಿರಿ ನನಗೆ ಕಾಣುವುದು ತಾರಸಿಯ ಮೇಲೆ ಬಟ್ಟೆ ಒಣಹಾಕುವಾಗ. ಗಿರಿ ಕಾಣದಿದ್ದರೆ ಬಟ್ಟೆ ಹಾಕಬಾರದು. ಈ ಬೆಟ್ಟದ ಬಗ್ಗೆ ನಮ್ಮ ಮನೆಯಲ್ಲಿರುವ ದೈನಂದಿನ ಜ್ಞಾನ ಅಷ್ಟೇ.

ಹೀಗೆಂದು ಯಾರಾದರೂ "ಅಲ್ಲೇನಿದೆ ಬಿಡಿ, ಒಂದು ಒಳ್ಳೆಯ ಮಾಲ್ ಕೂಡ ಇಲ್ಲ" ಎಂದರೆ ನಾನು ಸುಮ್ಮನಿರುವುದಿಲ್ಲ. ಬೈಯುವ ಹಕ್ಕು ನನಗೆ ಮಾತ್ರ. ಮಾರ್ಚಿಯಲ್ಲೋ ಏಪ್ರಿಲಿನಲ್ಲೋ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಕಾಫಿ ಅರಳಿದಾಗ, ಕೆಲಸ ಮುಗಿಸಿ ಊರಿನ ಅಂಚಿನವರೆಗೆ ಸ್ಕೂಟರಿನಲ್ಲಿ ಹೋದರೆ, ಮಲ್ಲಿಗೆಯಂಥದೇ ಆದರೆ ತುಸು ಮಂದವಾದ ಒಂದು ವಾಸನೆ ಹೆಲ್ಮೆಟ್ಟಿನೊಳಗೂ ಬಂದು ತುಂಬುತ್ತದೆ. ಆ ಸಂಜೆ ಪ್ಲಾಂಟರುಗಳು ಹೂವನ್ನಲ್ಲ, ಆಕಾಶವನ್ನು ನೋಡುತ್ತಿರುತ್ತಾರೆ: ಅರಳಿದ ದಿನ ಮತ್ತೆ ಮಳೆ ಹೊಡೆದರೆ ಕಾಯಿ ಕಟ್ಟುವುದಿಲ್ಲ, ಅರಳಿದ ಮೇಲೆ ವಾರಗಟ್ಟಲೆ ಮಳೆಯೇ ಬರದಿದ್ದರೂ ಕಟ್ಟುವುದಿಲ್ಲ. ಈ ಊರಿನ ಬಟ್ಟೆಯಂಗಡಿ, ಬಂಗಾರದಂಗಡಿ, ಟ್ಯೂಷನ್ ಕ್ಲಾಸು, ನನ್ನ ಫೀಸು, ಎಲ್ಲವೂ ಕೊನೆಗೆ ಆ ಎರಡು ಮಳೆಗಳ ನಡುವಿನ ಅಂತರಕ್ಕೆ ಕಟ್ಟುಬಿದ್ದಿವೆ. ಕಾಫಿ ಬೋರ್ಡಿಗೇ ಬೆಳೆಯನ್ನು ಒಪ್ಪಿಸಬೇಕಾಗಿದ್ದ ಪೂಲಿಂಗ್ ವ್ಯವಸ್ಥೆ ತೊಂಬತ್ತರ ದಶಕದಲ್ಲಿ ಕಳಚಿ ಮಾರಾಟ ಮುಕ್ತವಾದ ಮೇಲೆ, ಬ್ರೆಜಿಲಿನಲ್ಲಿ ಹಿಮ ಬಿತ್ತೇ ಬರ ಬಂತೇ ಎಂಬುದನ್ನೂ ಇಲ್ಲಿ ಟೀ ಅಂಗಡಿಯಲ್ಲಿ ವಿಚಾರಿಸುತ್ತಾರೆ. ಹೌದು, ಟೀ ಅಂಗಡಿ. ನಮ್ಮ ಊರಿನಲ್ಲಿ ಟೀ ಕುಡಿಯುವವರು ಧಾರಾಳವಾಗಿದ್ದಾರೆ, ನಾನೂ ಅವರಲ್ಲೊಬ್ಬ. ಇದನ್ನು ಹೇಳಿದಾಗಲೆಲ್ಲ ಎದುರಿನವರ ಮುಖ ಮೋಸ ಹೋದವರ ಮುಖದಂತಾಗುತ್ತದೆ.

ನನ್ನನ್ನು ಯಾರಾದರೂ ಕೇಳಲಿ ಎಂದು ಕಾಯುತ್ತಿರುವ ಪ್ರಶ್ನೆ ಬೇರೆ: ನಿಮ್ಮ ಮನೆಗೆ ನೀರು ಎಲ್ಲಿಂದ ಬರುತ್ತದೆ? ಕಡೂರಿನಲ್ಲಿ ಹುಟ್ಟಿದವನಿಗೆ ಯಾವ ಊರಿನ ಬಗೆಗೂ ಮೊದಲು ಏಳುವ ಪ್ರಶ್ನೆ ಅದು, ಚಿಕ್ಕಮಗಳೂರಿನ ವಿಷಯದಲ್ಲಿ ಅದಕ್ಕಿರುವ ಉತ್ತರವಂತೂ ಯಾವ ಹೋಂಸ್ಟೇ ಫಲಕಕ್ಕಿಂತಲೂ ಸ್ವಾರಸ್ಯವಾದದ್ದು.

ಯಗಚಿ ನದಿ ಹುಟ್ಟುವುದು ನಮ್ಮದೇ ಬಾಬಾಬುಡನ್‌ಗಿರಿ ಸಾಲಿನಲ್ಲಿ. ಅದು ನಮ್ಮ ಊರಿನ ಪಕ್ಕದಲ್ಲೇ, ನಮ್ಮನ್ನು ಮಾತಾಡಿಸದೆ ಹರಿದು, ಇಪ್ಪತ್ತು ಕಿಲೋಮೀಟರಿಗೂ ಕೆಳಗೆ ಹಾಸನ ಜಿಲ್ಲೆಯ ಬೇಲೂರಿಗೆ ಹೋಗುತ್ತದೆ. ಅಲ್ಲಿ ಅದಕ್ಕೆ ಅಣೆಕಟ್ಟು ಕಟ್ಟಿದ್ದಾರೆ. ಆ ಅಣೆಕಟ್ಟಿನಿಂದ ನೀರನ್ನು ಪಂಪು ಮಾಡಿ, ಕೊಳವೆಯಲ್ಲಿ ಮೇಲಕ್ಕೆ ಹತ್ತಿಸಿ, ಅದು ಹೊರಟ ದಿಕ್ಕಿಗೇ ವಾಪಸ್ ತಂದು ನಮ್ಮ ನಲ್ಲಿಗಳಿಗೆ ಬಿಡುತ್ತಾರೆ. ಬೆಟ್ಟದ ಬುಡದಲ್ಲಿ ವಾಸವಾಗಿರುವ ನಾವು ಬೆಟ್ಟದ ನೀರನ್ನು ಬಯಲಿಗೆ ಕಳಿಸಿಕೊಟ್ಟು, ಆಮೇಲೆ ಕರೆಂಟು ಸುಟ್ಟು ಮರಳಿ ತರಿಸಿಕೊಳ್ಳುತ್ತೇವೆ. ಬೇಲೂರಿನಲ್ಲಿ ಕರೆಂಟು ಹೋದರೆ, ಕೊಳವೆ ಒಡೆದರೆ, ನಮ್ಮ ಬೀದಿಯಲ್ಲಿ ಕೊಡಗಳು ಸಾಲು ನಿಲ್ಲುತ್ತವೆ, ಮೋಡ ಮುಸುಕಿದ ಮುಳ್ಳಯ್ಯನಗಿರಿ ಹಿನ್ನೆಲೆಯಲ್ಲಿ ಬಹಳ ಚೆನ್ನಾಗಿ ಕಾಣುತ್ತಿರುತ್ತದೆ. ಇನ್ನೊಂದು ಪಾಲು ನೀರು ಹಿರೇಕೊಳಲೆ ಕೆರೆಯದು. ಮದುವೆಗೆ ಮುಂಚಿನ ಫೋಟೋಗಳಿಗಾಗಿ ಜೋಡಿಗಳು ಬಂದು ನಿಲ್ಲುವ, ಸಂಜೆಯ ಬಣ್ಣಗಳಿಗೆ ಹೆಸರಾದ ಆ ಕೆರೆಯನ್ನು ಸಾರು ಮಾಡಲು ನಾವು ಬಳಸುತ್ತೇವೆ ಎಂಬುದು, ಅದರ ದಂಡೆಯಲ್ಲಿ ಚಿಪ್ಸ್ ಪೊಟ್ಟಣ ಬಿಟ್ಟುಹೋಗುವವರಿಗೆ ತಿಳಿದಿರಲಾರದು.

ಅದೇ ಬೆಟ್ಟಸಾಲಿನ ಇನ್ನೊಂದು ಬದಿಯ ಹಳ್ಳಗಳು ಸೇರಿ ವೇದಾವತಿಯಾಗಿ ನನ್ನ ಕಡೂರಿನ ಮೇಲೆ ಹಾದು ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. ಗಿರಿಯ ನೆತ್ತಿಯ ಹುಲ್ಲು, ಕಣಿವೆಗಳ ಮಡಿಕೆಯಲ್ಲಿ ಬೆಳೆಯುವ ಶೋಲಾ ಕಾಡು, ಇವೆರಡೂ ಮುಂಗಾರಿನ ನೀರನ್ನು ಹಿಡಿದಿಟ್ಟುಕೊಂಡು ಮಳೆ ನಿಂತು ತಿಂಗಳುಗಳಾದ ಮೇಲೂ ಸಣ್ಣಗೆ ಬಿಡುತ್ತಿರುತ್ತವೆ. ಜೀಪುಗಳು ಸುತ್ತುವುದು ಆ ಹುಲ್ಲಿನ ಮೇಲೆಯೇ. ಚಿಕ್ಕವನಿದ್ದಾಗ ನಮ್ಮೂರಿನ ಹೊಳೆಯಲ್ಲಿ ಮೋಡವೇ ಇಲ್ಲದ ದಿನ ಕೆಂಪು ನೀರು ಬಂದರೆ ಅಜ್ಜಿ "ಗಿರಿಯಲ್ಲಿ ಹುಯ್ದಿದೆ" ಎನ್ನುತ್ತಿದ್ದರು. ಅವರು ಗಿರಿಯನ್ನು ಒಮ್ಮೆಯೂ ನೋಡಿದವರಲ್ಲ.

ಕಳೆದ ತಿಂಗಳು ಬೆಂಗಳೂರಿನ ನೆಂಟರೊಬ್ಬರು ಬಂದಿದ್ದರು. ಅದು ನಮಗೆ ನೀರು ಬಿಡುವ ದಿನವಲ್ಲ, ತೊಟ್ಟಿಯಲ್ಲಿದ್ದದ್ದು ಎರಡು ದಿನ ಹಳೆಯದು. ಬೆಳಗ್ಗೆ ಅವರು ಹಿತ್ತಿಲ ಬಚ್ಚಲಿನಲ್ಲಿ ನಲ್ಲಿಯನ್ನು ಪೂರ್ತಿ ತಿರುಗಿಸಿಟ್ಟು, ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು, ಆಗತಾನೆ ಮಂಜು ಸರಿದು ಕಾಣಿಸಿಕೊಂಡ ಗಿರಿಯನ್ನು ನೋಡುತ್ತ ಮೈಮರೆತು ನಿಂತಿದ್ದರು. ನಾನು ಬಂದದ್ದನ್ನು ಕಂಡು ನೊರೆಯ ನಡುವಿನಿಂದಲೇ "ನಿಮಗೇನ್ರೀ" ಎಂದರು. ನಾನು ಕೈ ಚಾಚಿ ನಲ್ಲಿ ನಿಲ್ಲಿಸಿದೆ. ಅವರು ಅದನ್ನು ಗಮನಿಸಲಿಲ್ಲ. ಒಳಗೆ ಬಂದ ಮೇಲೆ ಟೀ ಕೊಟ್ಟೆ, ಲೋಟದೊಳಗೆ ನೋಡಿ "ಇದೇನಿದು?" ಎಂದರು.