ಗೊತ್ತಿದ್ದೂ ಮಗು ಯಾಕೆ?

‘ಎಚ್‌ಐವಿ ಇದೆ ಅಂತ ಗೊತ್ತಿದ್ದೂ ಮಗು ಯಾಕೆ ಮಾಡ್ಕೊಂಡ್ರಿ?’

ಮೂರು ವರ್ಷದಿಂದ ಈ ಮಾತು ಕೇಳಿಸಿಕೊಂಡು ಸಾಕಾಗಿದೆ. ಮೊದಮೊದಲು ಕೂತು ವಿವರಿಸುತ್ತಿದ್ದೆ. ಇನ್ನು ಆಗಲ್ಲ. ಇಲ್ಲಿ ಬರೆದಿಡುತ್ತೇನೆ, ಮುಂದೆ ಯಾರೇ ಕೇಳಿದರೂ ಇದನ್ನೇ ಕಳಿಸುತ್ತೇನೆ.

ಉತ್ತರ ಚಿಕ್ಕದು. ಮಗು ಬೇಕಿತ್ತು. ನಿಮಗೂ ಬೇಕಿತ್ತಲ್ವಾ, ಹಾಗೇ.

ನನಗೆ ಸಿಟ್ಟು ಬರಿಸುವುದು ಆ ‘ಗೊತ್ತಿದ್ದೂ’. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳನ್ನು ಕೇಳಿದ ಹಾಗೆ. ಹೌದು, ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಧೈರ್ಯ ಬಂತು. ಚಿಕಿತ್ಸೆಯೇ ಇಲ್ಲದಿದ್ದರೆ, ಬಸಿರು, ಹೆರಿಗೆ, ಹಾಲೂಡಿಸುವ ಕಾಲ ಎಲ್ಲ ಸೇರಿ 100 ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ತಾಯಿಯಿಂದ ಎಚ್‌ಐವಿ ಹೋಗಬಹುದು. 1994ರಲ್ಲೇ ಜಿಡೊವುಡಿನ್ ಅನ್ನೋ ಒಂದೇ ಔಷಧದಿಂದ ಆ ಅಪಾಯ ಮೂರರಲ್ಲಿ ಎರಡು ಪಾಲು ಕಡಿಮೆಯಾಯಿತು. ಈಗಿನ ಮಾತ್ರೆಗಳನ್ನು ಬಸಿರಾಗುವ ಮುಂಚಿನಿಂದ ತಪ್ಪದೆ ನುಂಗಿ, ರಕ್ತದಲ್ಲಿ ವೈರಸ್ ಪತ್ತೆಗೇ ಸಿಗದಷ್ಟು ಇಳಿದಿದ್ದರೆ, ಹೊಟ್ಟೆಯಲ್ಲಿರುವಾಗ ಅಥವಾ ಹೆರಿಗೆಯಲ್ಲಿ ಮಗುವಿಗೆ ಹೋಗುವ ಸಾಧ್ಯತೆ 100ಕ್ಕೆ 1ಕ್ಕಿಂತ ಕಡಿಮೆ. ಇಷ್ಟು ತಿಳಿದುಕೊಂಡೇ ನಾವಿಬ್ಬರೂ ಡಾಕ್ಟರ ಹತ್ತಿರ ಹೋದದ್ದು.

ನಿಜವಾಗಿ ನನಗೆ ಗೊತ್ತಿಲ್ಲದೇ ಇದ್ದದ್ದು ಬೇರೆ. ಹೆರಿಗೆಯಾದ ಮೇಲೆ ನಾನು ಇಷ್ಟು ಒಂಟಿಯಾಗುತ್ತೇನೆ ಅನ್ನೋದು.

ಬಸುರಿಯಾಗಿದ್ದಾಗ ಎಲ್ಲರಿಗೂ ನಾನು ಬೇಕಿತ್ತು. ಪ್ರತಿ ತಪಾಸಣೆಯಲ್ಲೂ ‘ಮಾತ್ರೆ ತಪ್ಪಿಸಿಲ್ಲ ತಾನೇ?’ ಅಂತ ಕೇಳುತ್ತಿದ್ದರು. ಮಗು ಹುಟ್ಟಿತು. ಎಲ್ಲರ ಕಣ್ಣೂ ಮಗುವಿನ ರಕ್ತದ ಮೇಲೆ ಹೋಯಿತು.

ಮಗುವಿಗೆ ಆರು ವಾರ. ಮೊದಲ ಪರೀಕ್ಷೆಗೆ ರಕ್ತ ಕೊಟ್ಟು ರಿಪೋರ್ಟಿಗೆ ಕಾಯುತ್ತಿದ್ದೆವು. ಗಂಡ ಕೆಲಸದ ಮೇಲೆ ಹೊರಗೆ ಹೋಗಿದ್ದರು. ಅವತ್ತು ಸಂಜೆ ನೆಂಟರು ಬಂದರು. ನನ್ನ ವಿಷಯ ಅವರಿಗೆ ಗೊತ್ತಿಲ್ಲ. ರಾತ್ರಿ ಒಂಬತ್ತಕ್ಕೆ ಫೋನಿನ ಅಲಾರಂ ಹೊಡೆಯಿತು. ಮಾತ್ರೆಯ ಹೊತ್ತು. ತಟ್ಟನೆ ಆರಿಸಿದೆ. ‘ಏನಮ್ಮ ಅದು?’ ಅಂದರು. ‘ಏನಿಲ್ಲ, ಸುಮ್ನೆ’ ಅಂದೆ. ಮಾತ್ರೆ ಡಬ್ಬಿ ಬೀರುವಿನಲ್ಲಿ ಸೀರೆಗಳ ಹಿಂದೆ ಇತ್ತು. ಅಲ್ಲಾಡಿದರೆ ಸದ್ದಾಗಬಾರದು ಅಂತ ಒಳಗೆ ಹತ್ತಿ ತುರುಕಿದ್ದೆ. ಅವರು ಎದ್ದು ಹೋದಾಗ ಹನ್ನೊಂದಾಗಿತ್ತು. ಮಗುವಿಗೆ ಹಾಲೂಡಿಸುತ್ತಾ ಗೋಡೆಗೆ ಒರಗಿದವಳು ಹಾಗೇ ನಿದ್ದೆ ಹೋದೆ.

ಬೆಳಿಗ್ಗೆ ಎದ್ದಾಗ ಎದೆ ಧಸಕ್ಕೆಂದಿತು. ಹಾಲು ಕೊಡುತ್ತಿರುವವಳು ನಾನು, ಮಾತ್ರೆ ನುಂಗಿಲ್ಲ.

ಏಳು ಗಂಟೆಗೆ ಅಕ್ಕನ ಫೋನ್ ಬಂತು. ಒಡಹುಟ್ಟಿದ ಅಕ್ಕ ಅಲ್ಲ. ಇವರಿಗೂ ಎಚ್‌ಐವಿ ಇದೆ, ಎರಡು ಮಕ್ಕಳಿದ್ದಾರೆ. ಆಸ್ಪತ್ರೆಯ ಸಾಲಿನಲ್ಲಿ ಪರಿಚಯವಾದವರು. ನಾನು ಅತ್ತುಬಿಟ್ಟೆ. ಅವರು ಬೈಯಲಿಲ್ಲ. ‘ಈಗಲೇ ನುಂಗು. ನಿನ್ನೆದು, ಇವತ್ತಿಂದು ಅಂತ ಎರಡು ನುಂಗಬೇಡ. ಹೋಗು, ನಾನು ಫೋನಲ್ಲೇ ಇರ್ತೀನಿ’ ಅಂದರು. ನುಂಗಿ ಬಂದೆ. ಆಮೇಲೆ ಕೇಳಿದರು: ‘ರಾತ್ರಿ ನಿನ್ನ ಜೊತೆ ಯಾರಿರ್ತಾರೆ?’

ಅಲ್ಲಿಯ ತನಕ ಇದನ್ನು ಯಾರೂ ಕೇಳಿರಲಿಲ್ಲ. ನೀವೆಲ್ಲ ಕೇಳಬೇಕಿದ್ದ ಪ್ರಶ್ನೆ ಇದು.

ನನ್ನೊಬ್ಬಳ ಪಾಡು ಅಂದುಕೊಳ್ಳಬೇಡಿ. 2012ರಲ್ಲಿ 51 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದ್ದರು. ಬಸುರಿಯಾಗಿದ್ದಾಗ ಮಾತ್ರೆಯನ್ನು ಸರಿಯಾಗಿ ನುಂಗಿದವರು 100ಕ್ಕೆ ಸುಮಾರು 76. ಹೆರಿಗೆಯಾದ ಮೇಲೆ 53. ತಾಯಂದಿರಿಗೆ ಮಗುವಿನ ಮೇಲೆ ಪ್ರೀತಿ ಕಡಿಮೆಯಾಯಿತಾ? ನಿದ್ದೆಯಿಲ್ಲ, ಮನಸ್ಸು ಕುಗ್ಗಿರುತ್ತದೆ, ಮನೆ ತುಂಬ ಜನ, ಯಾರಿಗೂ ಹೇಳುವ ಹಾಗಿಲ್ಲ. ಚಿಕಿತ್ಸೆಯಲ್ಲಿರುವ ತಾಯಿ ಕನಿಷ್ಠ 12 ತಿಂಗಳು ಹಾಲೂಡಿಸಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಆ ಸಲಹೆಯ ಜೊತೆಗೇ ಇನ್ನೊಂದು ಮಾತಿದೆ: ಮಾತ್ರೆ ತಪ್ಪದಂತೆ ತಾಯಿಗೆ ಪೂರ್ತಿ ಬೆಂಬಲ ಸಿಗಬೇಕು. ಜನ ಹಾಲಿನ ಮಾತನ್ನಷ್ಟೇ ಹಿಡಿದುಕೊಂಡು ‘ಕೊಡಬಹುದಾ, ಕೊಡಬಾರದಾ’ ಅಂತ ನನ್ನ ತಲೆ ತಿನ್ನುತ್ತಾರೆ.

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2001ರಲ್ಲಿ ಮದರ್ಸ್‌ಟುಮದರ್ಸ್ ಅನ್ನೋ ಸಂಸ್ಥೆ ಶುರುವಾಯಿತು. ಎಚ್‌ಐವಿ ಇರುವ ತಾಯಂದಿರಿಗೇ ತರಬೇತಿ, ಸಂಬಳ ಕೊಟ್ಟು ಹೊಸ ತಾಯಂದಿರ ಜೊತೆ ನಿಲ್ಲಿಸುತ್ತಾರೆ. ಅದನ್ನು ಓದಿದಾಗ ನಮ್ಮ ಅಕ್ಕನೇ ನೆನಪಾದರು. ಅವರಿಗೆ ಯಾರೂ ಸಂಬಳ ಕೊಟ್ಟಿಲ್ಲ. ಕೊಡಬೇಕಿತ್ತು.

ಅಂದಹಾಗೆ, ಮಗು ನೆಗೆಟಿವ್. ಹಾಲು ಬಿಡಿಸಿದ ಮೇಲಿನ ಕೊನೆಯ ಪರೀಕ್ಷೆಯಲ್ಲೂ ನೆಗೆಟಿವ್. ಪಾಸಿಟಿವ್ ಬಂದಿದ್ದರೂ ನನ್ನ ಮಗುವೇ, ನನ್ನ ಉತ್ತರವೂ ಇದೇ.

ಈಗ ನಾನೂ ಒಬ್ಬಳಿಗೆ ದಿನಾ ರಾತ್ರಿ ಎಂಟೂಮುಕ್ಕಾಲಿಗೆ ಫೋನ್ ಮಾಡುತ್ತೇನೆ. ಹೆರಿಗೆಯಾಗಿ ಹನ್ನೊಂದು ದಿನ. ಊಟ ಆಯ್ತಾ ಅಂತ ಕೇಳಿ, ಮಗು ಯಾರ ಕೈಲಿದೆ ಅಂತ ಕೇಳಿ, ಆಮೇಲೆ ಮಾತ್ರೆಯ ವಿಷಯಕ್ಕೆ ಬರುತ್ತೇನೆ. ‘ಗೊತ್ತಿದ್ದೂ ಯಾಕೆ’ ಅಂತ ಅವಳನ್ನು ಆಗಲೇ ಇಬ್ಬರು ಕೇಳಿದ್ದಾರಂತೆ. ಇದನ್ನು ಅವಳಿಗೂ ಕಳಿಸುತ್ತೇನೆ. ಮೂರನೆಯವರು ಬಂದರೆ ಫೋನನ್ನೇ ಅವರ ಕೈಗೆ ಕೊಟ್ಟು ಮಲಗಲಿ.