ಪೆಟ್ಟಿಗೆಯೊಳಗಿನ ಚೀಟಿ

14 ಆಗಸ್ಟ್ 2024, ಬುಧವಾರ

ಮಧ್ಯಾಹ್ನದ ಒಪಿಡಿಗೆ ಕೊನೆಯವಳಾಗಿ ಬಂದ ಹುಡುಗಿ ಸ್ವತಃ ನರ್ಸ್. ವಿದೇಶದ ಕೆಲಸಕ್ಕೆ ಬೇಕೆಂದು ಎಂಎಂಆರ್ (ದಡಾರ, ಮಂಗನಬಾವು ಮತ್ತು ರುಬೆಲ್ಲಾ ಎಂಬ ಜರ್ಮನ್ ದಡಾರದ ಲಸಿಕೆ) ಚುಚ್ಚಿಸಿಕೊಂಡ ಮೇಲೆ ಅವಳಿಗೆ ತಾನು ಬಸಿರೆಂದು ತಿಳಿದಿದೆ. ಲೆಕ್ಕ ಹಾಕಿದರೆ, ಲಸಿಕೆಯ ದಿನಕ್ಕೆ ಗರ್ಭ ಕಟ್ಟಿ ಹೆಚ್ಚೆಂದರೆ ಒಂದು ವಾರ. "ತೆಗೆಸಿಬಿಡೋದೇ ವಾಸಿ ಅಂತಾರಲ್ಲ ಡಾಕ್ಟ್ರಮ್ಮ?" ಎಂದು ಅವಳ ಅತ್ತೆ ಕೇಳಿದರು. ಹುಡುಗಿ ಮಾತನಾಡದೆ, ಲಸಿಕೆಯ ಪೆಟ್ಟಿಗೆಯೊಳಗಿನ ಚೀಟಿಯ ಫೋಟೋ ತೆರೆದು, ಗರ್ಭಿಣಿಯರಿಗೆ ಕೊಡಬಾರದೆಂಬ ಸಾಲನ್ನು ನನ್ನೆದುರು ಹಿಡಿದಳು.

ಆ ಸಾಲು ಸುಳ್ಳಲ್ಲ. 1941ರಲ್ಲಿ ಸಿಡ್ನಿಯ ನೇತ್ರವೈದ್ಯ ನಾರ್ಮನ್ ಗ್ರೆಗ್, ಹುಟ್ಟುವಾಗಲೇ ಕಣ್ಣಿಗೆ ಪೊರೆ ಬಂದಿದ್ದ ಕೂಸುಗಳ ತಾಯಂದಿರಿಗೆ ಬಸಿರಿನ ಆರಂಭದಲ್ಲಿ ರುಬೆಲ್ಲಾ ಬಂದಿತ್ತೆಂಬುದನ್ನು ಗುರುತಿಸಿದರು. ಮೊದಲ 12 ವಾರಗಳಲ್ಲಿ ಈ ಸೋಂಕು ತಗಲಿದರೆ ಶೇ. 90ರವರೆಗೂ ಶಿಶುಗಳಿಗೆ ಕಣ್ಣು, ಕಿವಿ, ಹೃದಯದ ಹಾನಿಯಾಗಬಹುದು. ಲಸಿಕೆಯಲ್ಲಿರುವುದೂ ಅದೇ ವೈರಾಣು, ಶಕ್ತಿ ಕುಂದಿಸಿದ್ದಾದರೂ ಜೀವಂತವಾದದ್ದು, ಹಾಗಾಗಿ ನಿಷೇಧ.

ಆದರೆ ಕೊಡಬಾರದೆಂಬುದಕ್ಕೂ ಕೊಟ್ಟಾಗಿದ್ದರೆ ಬಸಿರು ಉಳಿಸಬಾರದೆಂಬುದಕ್ಕೂ ಸಂಬಂಧವಿಲ್ಲ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ 1971ರಿಂದ 1989ರವರೆಗೆ ಹೀಗೆ ಅರಿಯದೆ ಲಸಿಕೆ ಪಡೆದ ಗರ್ಭಿಣಿಯರ ದಾಖಲೆ ಇಟ್ಟಿತು. ರುಬೆಲ್ಲಾ ವಿರುದ್ಧ ರಕ್ಷಣೆಯಿಲ್ಲದಿದ್ದ ತಾಯಂದಿರಿಗೆ ಹುಟ್ಟಿದ 324 ಮಕ್ಕಳಲ್ಲಿ ಐವರಲ್ಲಿ ಸೋಂಕಿನ ಕುರುಹು ಸಿಕ್ಕಿತು, ಎಂದರೆ ವೈರಾಣು ಮಾಸನ್ನು ದಾಟಿದ್ದು ನಿಜ. ಆದರೂ ರುಬೆಲ್ಲಾದಿಂದಾಗುವ ಅಂಗದೋಷ ಒಂದು ಮಗುವಿನಲ್ಲೂ ಕಾಣಲಿಲ್ಲ. ಲಸಿಕೆಯ ನಂತರ ಬಸಿರಾಗಲು ಕಾಯಬೇಕಾದ ಮೂರು ತಿಂಗಳನ್ನು 2001ರಲ್ಲಿ ಅಲ್ಲಿ 28 ದಿನಕ್ಕೆ ಇಳಿಸಿದರು. (ಎಲ್ಲ ಜೀವಂತ ಲಸಿಕೆಗಳಿಗೂ ಇದೇ ಮಾತನ್ನು ಹೇಳಲಾರೆ: ಸಿಡುಬಿನ ಲಸಿಕೆಯಿಂದ ಭ್ರೂಣಕ್ಕೆ ಸೋಂಕು ತಗಲಿ ಶಿಶುಗಳು ಸತ್ತದ್ದುಂಟು, ತೀರ ವಿರಳವಾಗಿಯಾದರೂ.)

ಹೌಸ್ ಸರ್ಜನ್ ಆಗಿದ್ದಾಗ ಇಂಥದೇ ಕಾರಣಕ್ಕೆ ಒಂದು ಗರ್ಭಪಾತದ ಕಾಗದ ತುಂಬಿದ್ದೆ. ಹಿರಿಯರು ಹೇಳಿದರು, ನಾನು ಬರೆದೆ. ಆ ಹೊತ್ತಿಗೆ ಈ ಅಂಕಿಗಳು ಪ್ರಕಟವಾಗಿ ವರ್ಷಗಳೇ ಕಳೆದಿದ್ದವು. ಆ ಹೆಂಗಸಿನ ಮುಖ ನೆನಪಿಲ್ಲ ಎನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ.

ಯಾವ ಲಸಿಕೆಯನ್ನೂ ಪಡೆಯದವರ ಬಸಿರಿನಲ್ಲೂ ನೂರಕ್ಕೆ ಎರಡು ಮೂರು ಮಕ್ಕಳು ಏನಾದರೊಂದು ದೋಷದೊಂದಿಗೆ ಹುಟ್ಟುತ್ತವೆ, ಅದಿಲ್ಲವೆಂದು ನಾನು ಭರವಸೆ ಕೊಡಲಾರೆ, ಆದರೆ ಈ ಚುಚ್ಚುಮದ್ದಿನ ಕಾರಣಕ್ಕೆ ತೆಗೆಸುವ ಅಗತ್ಯವಿಲ್ಲ ಎಂದು ಹುಡುಗಿಗೇ ಹೇಳಿ, ಐದನೇ ತಿಂಗಳ ಸ್ಕ್ಯಾನಿನ ದಿನವನ್ನು ತಾಯಿ ಕಾರ್ಡಿನಲ್ಲಿ ಬರೆದೆ. ಅದರ ಕೆಳಗಿದ್ದ ಟಿಡಿ (ಧನುರ್ವಾಯು, ಗಂಟಲಮಾರಿಯ ಲಸಿಕೆ) ಎಂಬ ಖಾನೆಯ ಮೇಲೆ ಬೆರಳಿಟ್ಟು ಅತ್ತೆ ಕೇಳಿದರು: "ಇದೂ ಚುಚ್ಚುಮದ್ದೇ ಅಲ್ವಾ?" ಇದರಲ್ಲಿ ಜೀವವಿರುವುದು ಏನೂ ಇಲ್ಲವೆಂದು ಮತ್ತೆ ಮೊದಲಿನಿಂದ ವಿವರಿಸಲು ಕುಳಿತೆ.