ಬೆನ್ನುಹುರಿ ಎಲ್ಲಿ ಮುಗಿಯುತ್ತದೆ?

ಬೆನ್ನುಮೂಳೆಯ ಉದ್ದಕ್ಕೂ ಬೆನ್ನುಹುರಿ ಇರುತ್ತದೆ ಎಂಬುದು ಹಲವರ ಎಣಿಕೆ. ಹಾಗಿಲ್ಲ. ತಲೆಬುರುಡೆಯ ತಳದ ರಂಧ್ರದಿಂದ ಇಳಿಯುವ ಹುರಿ ವಯಸ್ಕರಲ್ಲಿ ಸಾಮಾನ್ಯವಾಗಿ ಸೊಂಟದ 1 ಅಥವಾ 2ನೇ ಕಶೇರುವಿನ (ಬೆನ್ನುಮೂಳೆಯ ಬಿಡಿ ಎಲುಬಿನ) ಮಟ್ಟದಲ್ಲೇ ಮುಗಿಯುತ್ತದೆ. ಉದ್ದ ಸುಮಾರು 42ರಿಂದ 45 ಸೆಂ.ಮೀ. ಭ್ರೂಣದಲ್ಲಿ ಮೊದಮೊದಲು ಹುರಿ, ಮೂಳೆ ಎರಡೂ ಸಮ. ಆಮೇಲೆ ಮೂಳೆ ಬೇಗ ಬೆಳೆದು ಹುರಿ ಹಿಂದೆ ಬೀಳುತ್ತದೆ.

ಹಾಗಾಗಿ ಕೆಳಗಿನ ನರಗಳು ಕಶೇರುಗಳ ನಡುವಿನ ತಮ್ಮ ಕಿಂಡಿ ತಲುಪಲು ಬಲುದೂರ ಇಳಿಯಬೇಕು. ಆ ನರಗಳ ಗೊಂಚಲಿಗೆ ‘ಕುದುರೆ ಬಾಲ’ ಎಂದೇ ಹೆಸರು. ಬೆನ್ನಿನಿಂದ ನೀರು ತೆಗೆಯುವಾಗ ಸೊಂಟದ 3–4 ಅಥವಾ 4–5ನೇ ಕಶೇರುಗಳ ನಡುವೆ ಸೂಜಿ ಚುಚ್ಚುವುದು ಇದಕ್ಕೇ. ದ್ರವದಲ್ಲಿ ತೇಲುವ ನರಗಳು ಮೊನೆ ತಾಗಿದರೆ ಸಾಮಾನ್ಯವಾಗಿ ಪಕ್ಕಕ್ಕೆ ಸರಿಯುತ್ತವೆ. ಮೇಲೆ ಚುಚ್ಚಿದರೆ ಹುರಿಗೇ ಪೆಟ್ಟು. ಜಾಗ ಹುಡುಕಲು ಎರಡೂ ಕಡೆಯ ಸೊಂಟದೆಲುಬಿನ ಮೇಲಂಚನ್ನು ಸೇರಿಸುವ ಗೆರೆ ನೋಡುತ್ತಾರೆ, ಅದು ಸುಮಾರಾಗಿ 4ನೇ ಕಶೇರುವಿನ ಮೇಲೆ ಹಾಯುತ್ತದೆ. ನವಜಾತ ಶಿಶುಗಳಲ್ಲಿ ಹುರಿ 3ನೆಯದರವರೆಗೂ ಇರಬಹುದು, ಅಲ್ಲಿ ಇನ್ನೂ ಎಚ್ಚರ ಬೇಕು.

ಹುರಿಯಿಂದ ಹೊರಡುವುದು ಒಟ್ಟು 31 ಜೊತೆ ನರಗಳು. ವಿದ್ಯಾರ್ಥಿಗಳು ಎಡವುವುದು ಕುತ್ತಿಗೆಯಲ್ಲಿ: ಕಶೇರು 7, ನರ ಮಾತ್ರ 8 ಜೊತೆ! ಮೊದಲ 7 ತಮ್ಮ ಸಂಖ್ಯೆಯ ಕಶೇರುವಿನ ಮೇಲೆ ಹೊರಬರುತ್ತವೆ, 8ನೆಯದು 7ನೇ ಕಶೇರುವಿನ ಕೆಳಗೆ. ಅಲ್ಲಿಂದಾಚೆ ಎಲ್ಲವೂ ಕೆಳಗೇ.